ಹಳೆ ವಿದ್ಯಾರ್ಥಿಗಳ ಸುದ್ದಿ ಪುಟ: ಕಲೆಹಾಕುವುದು ಹೇಗೆ, ಪರೀಕ್ಷಿಸುವುದು ಹೇಗೆ?

ಉದ್ಯಾವರದವ (ಪ್ರಶ್ನೆ)

ಉಡುಪಿ ಕಡೆಯ ಒಂದು ಕಥೋಲಿಕ್ ಕಾಲೇಜಿನ ಹಳೆ ವಿದ್ಯಾರ್ಥಿ ಸಂಘದ ವಾರ್ತಾಪತ್ರದ ಕೆಲಸ ಈ ವರ್ಷ ನನ್ನ ಪಾಲಿಗೆ ಬಂದಿದೆ. ಎ4 ಅಳತೆ, 16 ಪುಟ, ಕನ್ನಡದಲ್ಲಿ. ಕ್ರಿಸ್ಮಸ್ ರಜೆಗೆ ಊರಿಗೆ ಬಂದವರ ಕೈಗೆ ಸಿಗಬೇಕು, ಅಂದರೆ ಡಿಸೆಂಬರ್ 15ರೊಳಗೆ ಪ್ರೆಸ್ಸಿನಿಂದ ಹೊರಗೆ ಬರಬೇಕು. ಲೇಖನ, ವರದಿ ಎಲ್ಲ ಹೇಗೋ ಆಗ್ತದೆ. ತಲೆಬಿಸಿ ಇರುವುದು ‘ಹಳೆ ವಿದ್ಯಾರ್ಥಿಗಳ ಸುದ್ದಿ ಮತ್ತು ಸಾಧನೆ’ ಎಂಬ ಐದಾರು ಪುಟಗಳದ್ದು.

ಗೂಗಲ್ ಫಾರ್ಮ್ ಕಳಿಸಿದರೆ ತುಂಬುವವರು ಪ್ರತಿ ವರ್ಷ ಅದೇ ಕೆಲವರು. ವಾಟ್ಸಾಪ್‌ನಲ್ಲಿ ಬರುವುದು ‘ನಮ್ಮ ಬ್ಯಾಚಿನ ಹೆಮ್ಮೆ’ ಎಂಬ ಬ್ಯಾನರ್ ಚಿತ್ರ, ಅದರಲ್ಲಿ ವರ್ಷವೂ ಇಲ್ಲ, ಪ್ರಶಸ್ತಿ ಕೊಟ್ಟವರು ಯಾರೆಂದೂ ಇಲ್ಲ. ‘ಡಾ.’ ಯಾರಿಗೆ ಹಾಕಬೇಕು, ಧರ್ಮಗುರುಗಳ ಮತ್ತು ಧರ್ಮಭಗಿನಿಯರ ಹೆಸರು ಹೇಗೆ ಬರೆಯಬೇಕು, ಪಿಯುಸಿ ಮಾತ್ರ ಓದಿ ಹೋದವರನ್ನು ಸೇರಿಸಬೇಕೋ ಬೇಡವೋ, ಇದಕ್ಕೆಲ್ಲ ಒಂದು ಪದ್ಧತಿ ಅಂತ ಇಲ್ಲ. ಇಂಥ ಕೆಲಸ ಮಾಡಿ ಗೊತ್ತಿರುವವರು ಹಂತಹಂತವಾಗಿ ತಿಳಿಸಿದರೆ ಉಪಕಾರ.

---

ಕರಡು ತಿದ್ದುವವ

ಮೊದಲು ಆ ಶೀರ್ಷಿಕೆಯಿಂದ ‘ಸಾಧನೆ’ ತೆಗೆಯಿರಿ ಸರ್. ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯಿತು. ‘ನಿಮ್ಮ ಸಾಧನೆ ತಿಳಿಸಿ’ ಅಂದರೆ ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತಿ ಆದವರು ‘ನಮ್ಮದೆಂತ ಸಾಧನೆ ಮಾರಾಯ್ರೆ’ ಅಂತ ಬಿಟ್ಟುಬಿಡ್ತಾರೆ. ಬರೆಯುವವರು ಯಾರು ಅಂದರೆ, ಮೊದಲೇ ಬ್ಯಾನರ್ ಮಾಡಿಸಿಕೊಂಡವರು. ‘ಈ ವರ್ಷ ಏನು ಬದಲಾಯಿತು?’ ಅಂತ ಕೇಳಿ. ಊರು ಬದಲಾಯಿತಾ, ಕೆಲಸ ಬದಲಾಯಿತಾ, ನಿವೃತ್ತಿ ಆಯಿತಾ, ಪುಸ್ತಕ ಬಂತಾ, ಹೊಸ ಅಂಗಡಿ ಅಥವಾ ತೋಟ ಶುರುವಾಯಿತಾ? ಗುರುತು ಹಾಕುವ ಹಾಗೆ ಕೊಟ್ಟು, ಕೆಳಗೆ ಎರಡು ಸಾಲು ಬರೆಯಲು ಜಾಗ ಬಿಡಿ.

ಫಾರ್ಮ್‌ನಲ್ಲಿ ಆರು ಪ್ರಶ್ನೆ ಸಾಕು: ಅಂಕಪಟ್ಟಿಯಲ್ಲಿದ್ದ ಹೆಸರು, ಈಗಿನ ಹೆಸರು, ಕೋರ್ಸು ಮತ್ತು ಮುಗಿಸಿದ ವರ್ಷ, ಈಗಿರುವ ಊರು, ಏನು ಬದಲಾಯಿತು, ಪ್ರಕಟಿಸಲು ಒಪ್ಪಿಗೆ. ವರ್ಷ ಅಂದಾಗ ಸೇರಿದ್ದಲ್ಲ, ಮುಗಿಸಿದ್ದು ಅಂತ ಬಿಡಿಸಿ ಬರೆಯಿರಿ. ಇಲ್ಲದಿದ್ದರೆ ಒಂದೇ ಬ್ಯಾಚಿನವರು ಮೂರು ವರ್ಷ ಆಚೀಚೆ ಚದುರಿ ಹೋಗ್ತಾರೆ.

ಫೋಟೋ ಅಪ್‌ಲೋಡ್ ಫಾರ್ಮ್‌ನೊಳಗೆ ಇಡಲೇಬೇಡಿ. ಗೂಗಲ್ ಫಾರ್ಮ್‌ನಲ್ಲಿ ಫೈಲ್ ಕೇಳುವ ಪ್ರಶ್ನೆ ಒಂದಿದ್ದರೂ ತುಂಬುವವರು ಜಿಮೇಲ್ ಖಾತೆಯಿಂದ ಲಾಗಿನ್ ಆಗಲೇಬೇಕು. ಅರುವತ್ತು ದಾಟಿದವರು ಅಲ್ಲಿಗೇ ಮುಚ್ಚಿ ಹೋಗ್ತಾರೆ, ‘ಲಿಂಕ್ ಓಪನ್ ಆಗುದಿಲ್ಲ’ ಅಂತ ಫೋನ್ ಬರ್ತದೆ. ಫೋಟೋ ಆಮೇಲೆ ವಾಟ್ಸಾಪ್‌ನಲ್ಲಿ ಬೇರೆಯಾಗಿ ತರಿಸಿಕೊಳ್ಳಿ.

ಒಂದು ಲಿಂಕ್ ಎಲ್ಲರಿಗೂ ಕಳಿಸುವ ಬದಲು ಪ್ರತಿ ಬ್ಯಾಚಿಗೆ ಒಬ್ಬರನ್ನು ಹಿಡಿಯಿರಿ. ಆಯ್ಕೆಯಲ್ಲಿ ಒಂದು ಸೂಕ್ಷ್ಮ ಉಂಟು: ಹೆಸರುವಾಸಿಯಾದವರನ್ನಲ್ಲ, ಎಲ್ಲರ ಮದುವೆಗೂ ಮರಣಕ್ಕೂ ಹೋಗುವವರನ್ನು. ಅವರ ಹತ್ತಿರ ಹತ್ತು ಹೆಸರು ಕೇಳಿದರೆ ಇಪ್ಪತ್ತು ಕೊಡ್ತಾರೆ. 1980ಕ್ಕಿಂತ ಹಿಂದಿನವರಿಗೆ ಫಾರ್ಮ್ ಬೇಡ, ಫೋನೇ ಮಾಡಿ. ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡರೊಳಗೆ ಒಳ್ಳೆಯದು. ಗಲ್ಫಿನಲ್ಲಿರುವವರಿಗೆ ನಮ್ಮ ರಾತ್ರಿ ಒಂಬತ್ತೂವರೆಯ ನಂತರ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಕುವೈಟ್, ಕತಾರ್, ಸೌದಿ ಎರಡೂವರೆ ಗಂಟೆ.

ದಿನಾಂಕದ ಲೆಕ್ಕ: ಸೆಪ್ಟೆಂಬರ್ 8ರ ಮೊಂತಿ ಹಬ್ಬ (ಮೇರಿ ಮಾತೆಯ ಜನ್ಮದಿನ) ಮುಗಿದ ಮರುವಾರ ಮೊದಲ ಸಂದೇಶ. ಹಬ್ಬಕ್ಕೆ ಕುಟುಂಬದವರೆಲ್ಲ ಪರಸ್ಪರ ಮಾತಾಡಿರ್ತಾರೆ, ಯಾರು ಎಲ್ಲಿ ಅನ್ನುವುದು ಬಾಯಲ್ಲೇ ಇರ್ತದೆ. ಅಕ್ಟೋಬರ್ 10ಕ್ಕೆ ನೆನಪೋಲೆ, 31ಕ್ಕೆ ಬಾಗಿಲು ಬಂದ್. ನವೆಂಬರ್ ಇಡೀ ಪರಿಶೀಲನೆಗೆ ಬೇಕು. ನವೆಂಬರ್ 1ರ ರಾಜ್ಯೋತ್ಸವ ಪ್ರಶಸ್ತಿಗಳಿಗೆ ಮಾತ್ರ ಅರ್ಧ ಪುಟ ಖಾಲಿ ಇಟ್ಟುಕೊಳ್ಳಿ.

ಬಂದ ಸುದ್ದಿಯನ್ನು ಬರೆಯುವಾಗ ಸುಮಾರು 40 ಪದ ದಾಟಬೇಡಿ. ಹೀಗೆ ಬರ್ತದೆ ನೋಡಿ: ‘ಕಾಲೇಜಿನ ಹೆಮ್ಮೆಯ ಹಳೆ ವಿದ್ಯಾರ್ಥಿ ಶ್ರೀಯುತ ಇಂಥವರು ದುಬೈಯಲ್ಲಿ ಉನ್ನತ ಹುದ್ದೆಯಲ್ಲಿದ್ದು ಊರಿಗೆ ಕೀರ್ತಿ ತಂದಿದ್ದಾರೆ.’ ಇದರಲ್ಲಿ ಸುದ್ದಿಯೇ ಇಲ್ಲ. ಎರಡು ಪ್ರಶ್ನೆ ತಿರುಗಿ ಕೇಳಿದರೆ ಹೀಗಾಗ್ತದೆ: ‘1994 ಬಿ.ಕಾಂ. ಇಂಥವರು ದುಬೈಯ ಸರಕು ಸಾಗಾಟ ಕಂಪೆನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ 22 ವರ್ಷ ದುಡಿದು ಜೂನ್‌ನಲ್ಲಿ ಊರಿಗೆ ಮರಳಿದ್ದಾರೆ. ಶಂಕರಪುರದ ಮನೆಯ ಹಿತ್ತಲಲ್ಲಿ ಮಲ್ಲಿಗೆ ನೂರು ಗಿಡ ಇಟ್ಟಿದ್ದಾರೆ.’ ಹೀಗಿದ್ದರೆ ಬ್ಯಾಚಿನವರು ಓದಿ ಫೋನ್ ಮಾಡ್ತಾರೆ. ಆ ‘ಉನ್ನತ ಹುದ್ದೆ’ ಎಂಬ ಎರಡು ಶಬ್ದವನ್ನು ಕಂಡಲ್ಲೆಲ್ಲ ಹೊಡೆದು ಹಾಕಿ, ಹುದ್ದೆಯ ಹೆಸರು ಕೇಳಿ.

---

ಕಚೇರಿ ರಿಜಿಸ್ಟರ್

ಪರಿಶೀಲನೆಯ ಬಗ್ಗೆ ಹೇಳ್ತೇನೆ. ಸ್ವಲ್ಪ ಉದ್ದ ಆಗ್ತದೆ.

ಯಾರು ನಮ್ಮ ಹಳೆ ವಿದ್ಯಾರ್ಥಿ ಅನ್ನುವುದನ್ನು ಮೊದಲು ತೀರ್ಮಾನಿಸಿ. ನಮ್ಮ ಕಡೆ ಒಂದೇ ಕಂಪೌಂಡಿನಲ್ಲಿ ಹೈಸ್ಕೂಲು, ಪಿಯು, ಪದವಿ ಎಲ್ಲ ಇರ್ತದೆ, ಹೆಸರೂ ಒಂದೇ. ಅರವಿಂದ ಅಡಿಗರನ್ನೇ ತೆಗೆದುಕೊಳ್ಳಿ. 2008ರ ಬೂಕರ್ ಬಂದವರು, ಮಂಗಳೂರಿನ ಸೈಂಟ್ ಅಲೋಶಿಯಸ್‌ನವರು ಅನ್ನುವುದು ಸರಿ. ಆದರೆ ಅಲ್ಲಿ ಅವರು 1990ರಲ್ಲಿ ಮುಗಿಸಿದ್ದು ಎಸ್ಸೆಸ್ಸೆಲ್ಸಿ. ಪದವಿ ನ್ಯೂಯಾರ್ಕಿನ ಕೊಲಂಬಿಯಾದ್ದು. ಅಲ್ಲಿಯ ಪದವಿ ಕಾಲೇಜಿನ ಪಟ್ಟಿಗೆ ಅವರನ್ನು ಹಾಕಿದರೆ ತಪ್ಪು. ಪಿಯುಸಿಯವರನ್ನು ಸೇರಿಸಿ ಸರ್, ಬೇಡ ಅನ್ನಬೇಡಿ. ಹೆಸರಿನ ಮುಂದೆ ‘ಪಿಯುಸಿ 1987’ ಅಂತ ಸ್ಪಷ್ಟ ಇದ್ದರೆ ಆಯಿತು. ಇನ್ನೂ ಹಿಂದಿನವರಾದರೆ ‘ಇಂಟರ್‌ಮೀಡಿಯೆಟ್’ ಅಂತಲೇ ಬರೆಯಿರಿ, ಪಿಯುಸಿ ಅಂತ ತಿದ್ದಬೇಡಿ.

ವಿಶ್ವವಿದ್ಯಾನಿಲಯದ ಹೆಸರಿನಲ್ಲಿ ಬಹಳ ಎಡವುತ್ತಾರೆ. ಮಂಗಳೂರು ವಿವಿ ಹುಟ್ಟಿದ್ದು 1980ರ ಸೆಪ್ಟೆಂಬರ್‌ನಲ್ಲಿ. ಅದಕ್ಕೂ ಮೊದಲು ನಮ್ಮ ಜಿಲ್ಲೆಯ ಕಾಲೇಜುಗಳೆಲ್ಲ ಮೈಸೂರು ವಿವಿಗೆ ಸೇರಿದ್ದವು. 1956ರ ರಾಜ್ಯ ಪುನರ್ವಿಂಗಡಣೆಗೂ ಹಿಂದೆ ಮದ್ರಾಸು ವಿವಿಗೆ. ಹಾಗಾಗಿ ‘1974ರಲ್ಲಿ ಮಂಗಳೂರು ವಿವಿಗೆ ಮೊದಲ ರ‍್ಯಾಂಕ್’ ಅಂತ ಬಂದರೆ ಅದು ಮೈಸೂರು ವಿವಿ ಆಗಿರಬೇಕು. ಗಡಿ ವರ್ಷಗಳವರಿಗೆ, ಅಂದರೆ 1980–82ರ ಆಸುಪಾಸಿನವರಿಗೆ, ಪ್ರಮಾಣಪತ್ರದ ಫೋಟೋ ತರಿಸಿ ನೋಡಿಯೇ ಬರೆಯಿರಿ. ಎಂಬಿಬಿಎಸ್ ಆದರೆ ರಾಜೀವ್ ಗಾಂಧಿ ಆರೋಗ್ಯ ವಿವಿ 1996ರಿಂದ, ಎಂಜಿನಿಯರಿಂಗ್ ಆದರೆ ವಿಟಿಯು 1998ರಿಂದ. ಅದಕ್ಕೂ ಹಿಂದಿನ ಪದವಿಗೆ ಈ ಹೆಸರು ಬಂದರೆ ಎಲ್ಲೋ ತಪ್ಪಿದೆ.

ರ‍್ಯಾಂಕ್ ವಿಷಯದಲ್ಲಿ ಇನ್ನೊಂದು ಉಂಟು. ಸ್ವಾಯತ್ತ ಕಾಲೇಜಿನಲ್ಲಿ ಪರೀಕ್ಷೆ ಕಾಲೇಜಿನದೇ, ರ‍್ಯಾಂಕ್ ಕಾಲೇಜಿನ ಒಳಗಿನದೇ, ಪದವಿ ಮಾತ್ರ ವಿವಿಯದ್ದು. ಅಲೋಶಿಯಸ್ 2007ರಲ್ಲಿ ಸ್ವಾಯತ್ತ ಆಯಿತು, 2024ರಲ್ಲಿ ಡೀಮ್ಡ್ ವಿವಿಯೇ ಆಯಿತು. ಅಂದರೆ ಅಲ್ಲಿಯ 2003ರ ರ‍್ಯಾಂಕ್, 2012ರ ರ‍್ಯಾಂಕ್ ಒಂದೇ ಜಾತಿಯವಲ್ಲ. ನಿಮ್ಮ ಕಾಲೇಜು ಸ್ವಾಯತ್ತವಾದ ವರ್ಷ ಗೊತ್ತಿಟ್ಟುಕೊಂಡು ‘ವಿವಿ ರ‍್ಯಾಂಕ್’, ‘ಕಾಲೇಜು ರ‍್ಯಾಂಕ್’ ಅಂತ ಬೇರೆ ಮಾಡಿ.

ಈಗ ಹುದ್ದೆ, ಪದವಿ.

ಯುಪಿಎಸ್‌ಸಿ ಪಟ್ಟಿಯಲ್ಲಿ ಹೆಸರು ಬಂದ ಕೂಡಲೇ ‘ಐಎಎಸ್ ಪಾಸು’ ಅಂತ ಬ್ಯಾನರ್ ಬರ್ತದೆ. ಫಲಿತಾಂಶದಲ್ಲಿ ಇರುವುದು ರ‍್ಯಾಂಕ್ ಮಾತ್ರ. ಯಾವ ಸೇವೆ ಅಂತ ಹಂಚಿಕೆ ಆಗುವುದು ಆಮೇಲೆ, ಕಂದಾಯ ಸೇವೆಯೂ ಆಗಬಹುದು, ರೈಲ್ವೆಯೂ ಆಗಬಹುದು. ‘ನಾಗರಿಕ ಸೇವಾ ಪರೀಕ್ಷೆಯಲ್ಲಿ ಇಷ್ಟನೇ ರ‍್ಯಾಂಕ್’ ಅಂತ ನಿಲ್ಲಿಸಿ. ಸಿಎ ಆದರೆ ಫೈನಲ್ ಎರಡೂ ಗ್ರೂಪ್ ಮುಗಿದಿದೆಯಾ ಕೇಳಿ. ಸಿವಿಲ್ ಕೋರ್ಟಿನವರು, ಜಿಲ್ಲಾ ಕೋರ್ಟಿನವರು ನ್ಯಾಯಾಧೀಶರು, ಹೈಕೋರ್ಟಿನವರು ನ್ಯಾಯಮೂರ್ತಿಗಳು.

ಪಿಎಚ್‌.ಡಿ.ಗೆ ವಿವಿಯ ಅಧಿಸೂಚನೆ ಅಥವಾ ಪ್ರೊವಿಶನಲ್ ಪ್ರಮಾಣಪತ್ರ ಆಧಾರ. ವೈವಾ ಮುಗಿದ ಸಂಜೆಯ ಫೋಟೋ ಆಧಾರ ಅಲ್ಲ. ಕೆಲವು ವರ್ಷ ಹಳೆಯದಾದರೆ ಪಿಎಚ್‌.ಡಿ. ಪ್ರಬಂಧಗಳ ಜಾಲತಾಣ ಶೋಧಗಂಗಾದಲ್ಲಿ ಪ್ರಬಂಧದ ಹೆಸರು ಸಿಗ್ತದೆ. ಅಲ್ಲಿ ಇಲ್ಲ ಅಂದ ಮಾತ್ರಕ್ಕೆ ಸುಳ್ಳು ಅನ್ನಬೇಡಿ, ಏರಿಸುವುದು ತಡವಾಗ್ತದೆ. ಗೌರವ ಡಾಕ್ಟರೇಟ್ ಆದರೆ ಕೊಟ್ಟ ವಿವಿ ಯುಜಿಸಿ ಪಟ್ಟಿಯಲ್ಲಿ ಉಂಟಾ ನೋಡಿ. ನಕಲಿ ವಿವಿಗಳ ಪಟ್ಟಿಯನ್ನೂ ಯುಜಿಸಿಯೇ ಹಾಕ್ತದೆ. ಹೋಟೆಲ್ ಹಾಲ್‌ನಲ್ಲಿ ಗೌನ್ ಹಾಕಿಸಿ ಕೊಟ್ಟ ‘ಡಾಕ್ಟರೇಟ್’ಗಳು ವರ್ಷಕ್ಕೆರಡು ಬಂದೇ ಬರ್ತವೆ. ಅಸಲಿ ಗೌರವ ಡಾಕ್ಟರೇಟ್ ಇದ್ದವರ ಸುದ್ದಿ ಹಾಕಿ, ಹೆಸರಿನ ಹಿಂದೆ ‘ಡಾ.’ ಬೇಡ.

ಪದ್ಮ ಪ್ರಶಸ್ತಿ ಬಿರುದಲ್ಲ. ಹೆಸರಿನ ಹಿಂದೆ ಮುಂದೆ ಅಂಟಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ‘ಪದ್ಮಶ್ರೀ ಇಂಥವರು’ ಅನ್ನದೆ ‘ಇಂಥವರಿಗೆ ಇಂಥ ವರ್ಷ ಪದ್ಮಶ್ರೀ’ ಅನ್ನಿ. ರಾಜ್ಯೋತ್ಸವದ್ದು ಇನ್ನೂ ಗೋಜಲು. ಬೆಂಗಳೂರಿನಲ್ಲಿ ಸರಕಾರ ಕೊಡುವುದು ರಾಜ್ಯೋತ್ಸವ ಪ್ರಶಸ್ತಿ. ಮಂಗಳೂರಿನ ನೆಹರೂ ಮೈದಾನದಲ್ಲಿ ಜಿಲ್ಲಾಡಳಿತ ಕೊಡುವುದು ಜಿಲ್ಲಾ ರಾಜ್ಯೋತ್ಸವ ಪ್ರಶಸ್ತಿ. ಬ್ಯಾನರ್‌ನಲ್ಲಿ ‘ಜಿಲ್ಲಾ’ ಮಾಯ ಆಗಿರ್ತದೆ. ಉಳಿದ ‘ರಾಷ್ಟ್ರೀಯ’, ‘ಜಾಗತಿಕ’ ಪ್ರಶಸ್ತಿಗಳಿಗೆ ಒಂದೇ ಪ್ರಶ್ನೆ ಸಾಕು: ನೋಂದಣಿ ಶುಲ್ಕ ಎಷ್ಟಿತ್ತು? ಉತ್ತರ ಬಂದರೆ ಸುದ್ದಿ ಬೇಡ.

---

ಉದ್ಯಾವರದವ

ಬಹಳ ಉಪಯೋಗ ಆಯಿತು. ಗುರುಗಳು, ಭಗಿನಿಯರ ವಿಷಯ ಉಳಿಯಿತು. ಮತ್ತೊಂದು, ಒಂದೇ ಹೆಸರಿನವರು ತುಂಬ ಜನ. ಲಿಸ್ಟಿನಲ್ಲಿ ಯಾವ ಪಿಂಟೊ, ಯಾವ ಡಿಸೋಜ ಅಂತಲೇ ತಿಳಿಯುದಿಲ್ಲ.

---

ಕಚೇರಿ ರಿಜಿಸ್ಟರ್

ಡಿಸೋಜ ಮಾತ್ರ ಅಲ್ಲ, ಪ್ರಕಾಶ್ ಶೆಟ್ಟರನ್ನೂ ಲೆಕ್ಕ ಹಾಕಿ ನೋಡಿ.

ಗುರುತಿಗೆ ರಿಜಿಸ್ಟರ್ ನಂಬರ್ ಒಂದೇ ಗಟ್ಟಿ. ಅದು ಸಿಗದಿದ್ದರೆ ಕೋರ್ಸು, ಮುಗಿಸಿದ ವರ್ಷ, ತಂದೆಯ ಹೆಸರು ಮೂರೂ ಕೂಡಬೇಕು. ಸಂಬಂಧಪಟ್ಟ ಚರ್ಚ್ ಅಥವಾ ಊರಿನ ಹೆಸರು ಇಟ್ಟುಕೊಂಡರೆ ಕರೆಗೆ ಅನುಕೂಲ, ಅಚ್ಚಿಗೆ ಬೇಡ. ಮದುವೆಯಾದ ಮೇಲೆ ಮನೆತನದ ಹೆಸರು ಬದಲಾಗಿರುವುದರಿಂದ ಎರಡೂ ಹೆಸರು ಅಚ್ಚಾಗಬೇಕು. ‘ಲೋಬೊ’ ಅಂತ ಮಾತ್ರ ಹಾಕಿದರೆ, ‘ಸಲ್ಡಾನ್ಹಾ’ ಅಂತ ಗೊತ್ತಿದ್ದ ಗೆಳತಿಯರಿಗೆ ಯಾರೆಂದೇ ಗೊತ್ತಾಗುದಿಲ್ಲ.

ಎಕ್ಸೆಲ್ ಶೀಟಿನಲ್ಲಿ ಡಿಸೋಜ, ಡಿಸಾ, ಡಿಸಿಲ್ವ ಇಂಗ್ಲಿಷಿನಲ್ಲಿ ಬರುವಾಗ ನಡುವಿನ ಚಿಹ್ನೆ (ಅಪಾಸ್ಟ್ರಫಿ) ಒಬ್ಬೊಬ್ಬರದು ಒಂದೊಂದು: ನೆಟ್ಟಗಿನದು, ಬಾಗಿದ್ದು, ಬರೀ ಖಾಲಿ ಜಾಗ, ಏನೂ ಇಲ್ಲದ್ದು. ಕಂಪ್ಯೂಟರಿಗೆ ಇವು ನಾಲ್ಕು ಬೇರೆ ಮನುಷ್ಯರು. ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ ಚಿಹ್ನೆ, ಖಾಲಿ ಜಾಗ ಎಲ್ಲ ತೆಗೆದು ಸಣ್ಣಕ್ಷರದಲ್ಲಿ ಹೆಸರು ಹಾಕಿ, ಆ ಕಾಲಂ ಹಿಡಿದು ವಿಂಗಡಿಸಿ. ಎರಡೆರಡು ಸಲ ಬಂದವರು ಅಕ್ಕಪಕ್ಕ ಬಂದು ಕೂರ್ತಾರೆ. ಕೊನೆಗೆ ಮೂರು ಕಾಲಂ ಕಡ್ಡಾಯ: ಸುದ್ದಿ ಕೊಟ್ಟವರು, ಖಚಿತಪಡಿಸಿದವರು, ದಿನಾಂಕ. ‘ಖಚಿತ’ ಕಾಲಂ ಖಾಲಿ ಇದ್ದದ್ದು ಅಚ್ಚಿಗೆ ಹೋಗಬಾರದು.

ಧರ್ಮಗುರುಗಳಿಗೆ ‘ವಂ.’, ಭಗಿನಿಯರಿಗೆ ‘ಭ.’ ಅಥವಾ ‘ಸಿಸ್ಟರ್’. ಯಾವುದಾದರೂ ಒಂದು, ಇಡೀ ಸಂಚಿಕೆಗೆ ಒಂದೇ. ಹೆಸರಿನ ಕೊನೆಗೆ ಅವರು ಸೇರಿದ ಸಭೆಯ (ಸನ್ಯಾಸಿ ಸಂಘದ) ಅಕ್ಷರ ಬಿಡಬೇಡಿ: ಯೇಸುಸಭೆಯವರಿಗೆ ಎಸ್‌ಜೆ, ಸೈಂಟ್ ಆಗ್ನೆಸ್ ನಡೆಸುವ ಅಪೊಸ್ತಲಿಕ್ ಕಾರ್ಮೆಲ್‌ನವರಿಗೆ ಎಸಿ. ಧರ್ಮಪ್ರಾಂತದ (ನೇರ ಬಿಷಪರ ಆಡಳಿತಕ್ಕೆ ಸೇರಿದ) ಗುರುಗಳಿಗೆ ಕೊನೆಯಲ್ಲಿ ಅಕ್ಷರ ಇಲ್ಲ, ನೀವಾಗಿ ಹಾಕಬೇಡಿ. ಧರ್ಮಪ್ರಾಂತದ ಹೆಸರೂ ನೋಡಿ. ಉಡುಪಿ ಬೇರೆಯಾದದ್ದು 2012ರಲ್ಲಿ. 1998ರಲ್ಲಿ ಶಿರ್ವದವರೊಬ್ಬರಿಗೆ ‘ಉಡುಪಿ ಧರ್ಮಪ್ರಾಂತಕ್ಕಾಗಿ’ ಗುರುದೀಕ್ಷೆ ಆಯಿತು ಅಂತ ಬರೆದರೆ ತಪ್ಪು, ಆಗ ಅದು ಮಂಗಳೂರು.

ದೀಕ್ಷೆಯ ಸುದ್ದಿಯಲ್ಲಿ ಡೀಕನ್ ದೀಕ್ಷೆ (ಗುರುವಾಗುವ ಹಿಂದಿನ ಹಂತ) ಯಾವುದು, ಗುರುದೀಕ್ಷೆ ಯಾವುದು ಅಂತ ಕೇಳಿ. ಎರಡಕ್ಕೂ ಬೇರೆ ಬೇರೆ ದಿನಾಂಕ. ಯೇಸುಸಭೆಯವರಿಗೆ ಅಂತಿಮ ವ್ರತ ಗುರುದೀಕ್ಷೆಯಾದ ಎಷ್ಟೋ ವರ್ಷದ ನಂತರ ಬರ್ತದೆ, ಅದನ್ನು ಕಂಡು ‘ಈಗಷ್ಟೇ ಗುರುಗಳಾದರು’ ಅಂತ ಬರೆದುಬಿಟ್ಟರೆ ನಗೆಪಾಟಲು. ಬೆಳ್ಳಿಹಬ್ಬ ಅಂದಾಗ ಯಾವುದರದ್ದು? ಭಗಿನಿಯರಿಗೆ ಸಾಮಾನ್ಯವಾಗಿ ಮೊದಲ ವ್ರತದಿಂದ ಲೆಕ್ಕ, ಧರ್ಮಪ್ರಾಂತದ ಗುರುಗಳಿಗೆ ದೀಕ್ಷೆಯಿಂದ. ವರ್ಗಾವಣೆ ಸುದ್ದಿ ಹಾಕಲೇಬೇಡಿ, ಸಂಚಿಕೆ ಬರುವಷ್ಟರಲ್ಲಿ ಹಳತಾಗಿರ್ತದೆ.

---

ಡಿಟಿಪಿ ಕಂಕನಾಡಿ

ಪುಟ ಕಟ್ಟುವವರ ಕಡೆಯಿಂದ ನಾಲ್ಕು ಮಾತು.

ಪ್ರೆಸ್ಸಿನವರು ಪೇಜ್‌ಮೇಕರ್‌ನಲ್ಲಿ ಮಾಡ್ತಾರಾ, ಇನ್‌ಡಿಸೈನ್‌ನಲ್ಲಾ ಅಂತ ಮೊದಲೇ ಕೇಳಿ. ಪೇಜ್‌ಮೇಕರ್ ಯುನಿಕೋಡ್ ಕನ್ನಡ ಓದುದಿಲ್ಲ. ನಿಮ್ಮ ಫೋನಿನಲ್ಲಿ ಟೈಪಾದದ್ದನ್ನೆಲ್ಲ ನುಡಿ ಅಥವಾ ಶ್ರೀಲಿಪಿ ಅಕ್ಷರಕ್ಕೆ ಬದಲಿಸಬೇಕು. ಬದಲಿಸುವಾಗ ಮೊದಲು ಕೆಡುವುದು ಹೆಸರುಗಳೇ. ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹಾರ್ತದೆ, ನಡುವೆ ಇಂಗ್ಲಿಷ್ ಇದ್ದರೆ ಅದು ಅರ್ಥವಿಲ್ಲದ ಕನ್ನಡ ಆಗ್ತದೆ. ಇನ್‌ಡಿಸೈನ್ ಆದರೆ ಯುನಿಕೋಡ್ ನೇರ ನಡೀತದೆ, ಆದರೆ ಪ್ಯಾರಾಗ್ರಾಫ್ ಮೆನುವಿನಲ್ಲಿ ‘ವರ್ಲ್ಡ್ ರೆಡಿ ಕಂಪೋಸರ್’ ಆನ್ ಇರಬೇಕು. ಇಲ್ಲದಿದ್ದರೆ ಒತ್ತಕ್ಷರ ಎಲ್ಲ ಬಿಡಿಬಿಡಿಯಾಗಿ ಬಿದ್ದಿರ್ತದೆ.

ಇನ್ನೊಂದು ಕಣ್ಣಿಗೆ ಕಾಣದ ಶತ್ರು: ‘ಎಸ್‌ಜೆ’ ಅಂತ ಬಿಡಿಸಿ ನಿಲ್ಲಬೇಕಾದ್ದು ‘ಎಸ್ಜೆ’ ಆಗಿಬಿಡ್ತದೆ, ‘ಅಲೋಶಿಯಸ್‌ನ’ ಹೋಗಿ ‘ಅಲೋಶಿಯಸ್ನ’. ನಡುವೆ ಇರುವ ಕಾಣದ ಅಕ್ಷರವನ್ನು ಕೆಲವು ಫೋನು, ಕೆಲವು ಪರಿವರ್ತಕಗಳು ನುಂಗಿಹಾಕ್ತವೆ. ಪ್ರೂಫಿನಲ್ಲಿ ‘ಸ್ನ’, ‘ಸ್ಜ’, ‘ಕ್ಸ್ಕ’ ಇಂಥವನ್ನೇ ಹುಡುಕಿ ತಿದ್ದಿ.

ಹೆಸರು ಕನ್ನಡದಲ್ಲಿ ಹೇಗೆ ಬರೀತೀರಿ ಅಂತ ಅವರನ್ನೇ ಕೇಳಿ. ಲೋಬೊ, ಲೋಬೋ, ರೇಗೊ, ರೆಗೊ, ಕ್ರಾಸ್ತ, ಕ್ರಾಸ್ತಾ. ಇದರಲ್ಲಿ ಸರಿ ತಪ್ಪು ಅಂತ ಇಲ್ಲ, ಮನೆಯವರು ಬರೆಯುವುದೇ ಸರಿ.

ಫೋಟೋ: 3×4 ಸೆಂ.ಮೀ. ಅಳತೆಗೆ 300 ಡಿಪಿಐ ಅಂದರೆ ಕನಿಷ್ಠ 354×472 ಪಿಕ್ಸೆಲ್. ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಿದರೂ ಒಬ್ಬರೇ ಇರುವ ಚಿತ್ರಕ್ಕೆ ಇಷ್ಟು ಸಾಲ್ತದೆ. ತೊಂದರೆ ಇರುವುದು ಮದುವೆ ಗ್ರೂಪ್ ಫೋಟೋದಿಂದ ಮುಖ ಕತ್ತರಿಸಿ ಕೊಡುವವರದ್ದು. ‘ಡಾಕ್ಯುಮೆಂಟ್’ ಆಗಿ ಮೂಲ ಫೈಲ್ ಕಳಿಸಲು ಹೇಳಿ. ಫೈಲಿನ ಹೆಸರನ್ನು ಬಂದ ಕೂಡಲೇ ‘1994-ಬಿಕಾಂ-ಹೆಸರು’ ಅಂತ ಬದಲಿಸಿ. ಒಬ್ಬರ ಹೆಸರಿನ ಕೆಳಗೆ ಇನ್ನೊಬ್ಬರ ಮುಖ ಬೀಳುವುದು ‘ಐಎಂಜಿ’ ಅಂತ ಶುರುವಾಗುವ ಇನ್ನೂರು ಫೈಲುಗಳಿಂದಲೇ.

ಎರಡು ಕಾಲಂ, 11 ಪಾಯಿಂಟ್, ಸಣ್ಣ ಫೋಟೋ ಸೇರಿ ಒಂದು ಎ4 ಪುಟಕ್ಕೆ ಒಂಬತ್ತು ಹತ್ತು ಸುದ್ದಿ ಹಿಡೀತದೆ. ಆರು ಪುಟಕ್ಕೆ 55 ಅಂತ ಇಟ್ಟುಕೊಳ್ಳಿ. ಹೆಚ್ಚಾದರೆ ಒಂದು ಪುಟ ಸೇರಿಸ್ತೇನೆ ಅನ್ನಲು ಆಗುದಿಲ್ಲ. ಮಧ್ಯೆ ಪಿನ್ ಹೊಡೆಯುವ ಪುಸ್ತಕ ನಾಲ್ಕರ ಲೆಕ್ಕದಲ್ಲೇ ಏರಬೇಕು, 16 ಬಿಟ್ಟರೆ 20.

---

ಬಲ್ಮಠ ಮೇಡಂ

ಮೇಲಿನವರು ಹೇಳದ ಎರಡು.

ಒಂದು ಅನುಕ್ರಮ. ದೊಡ್ಡ ಹುದ್ದೆಯವರನ್ನು ಮುಂದಿಟ್ಟು ಉಳಿದವರನ್ನು ಹಿಂದಿಡಬೇಡಿ. ಪತ್ರ ಕೈಗೆ ಬಂದ ಕೂಡಲೇ ಎಲ್ಲರೂ ಹುಡುಕುವುದು ತಮ್ಮ ಬ್ಯಾಚನ್ನು. ಮುಗಿಸಿದ ವರ್ಷದ ಪ್ರಕಾರ, ಹಳಬರಿಂದ ಹೊಸಬರಿಗೆ, ಒಂದೇ ವರ್ಷದೊಳಗೆ ಅಕ್ಷರಾನುಕ್ರಮ. ಶಾಸಕರಾದರೂ ಅಷ್ಟೇ, ಮಲ್ಲಿಗೆ ತೋಟದವರಾದರೂ ಅಷ್ಟೇ. ಕಾಲೇಜಿನವರು ನ್ಯಾಕ್‌ಗೆ (ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ) ಕೊಡುವ ವರದಿಯ ಹಳೆ ವಿದ್ಯಾರ್ಥಿಗಳ ಭಾಗಕ್ಕೆ ಅಂತ ‘ಗಣ್ಯ ಹಳೆ ವಿದ್ಯಾರ್ಥಿಗಳು’ ಪಟ್ಟಿ ಕೇಳಿದರೆ ಶೀಟಿನಿಂದ ಬೇರೆ ತೆಗೆದು ಕೊಡಿ. ಅಲ್ಲಿ ಅವರಿಗೆ ಬೇಕಾದದ್ದು ಸಂಘದ ನೋಂದಣಿ, ಐದು ವರ್ಷದ ದೇಣಿಗೆಯ ಲೆಕ್ಕ; ಅದಕ್ಕಾಗಿ ಈ ಪುಟ ಕೆಡಿಸುವ ಅಗತ್ಯ ಇಲ್ಲ.

ಎರಡನೆಯದು ನಿಧನ ವಾರ್ತೆ. ಇದು ಸುದ್ದಿ ಪುಟದ ಅತಿ ಸೂಕ್ಷ್ಮ ಜಾಗ. ವಾಟ್ಸಾಪ್ ಸಂದೇಶ ಒಂದನ್ನೇ ನಂಬಿ ಹಾಕಬಾರದು. ಎರಡು ಮೂಲ ಬೇಕು, ಅದರಲ್ಲಿ ಒಂದು ಮನೆಯವರದ್ದು. ಇನ್ನೊಂದು ಪತ್ರಿಕೆಯ ಮರಣ ಪ್ರಕಟಣೆ ಆಗಬಹುದು, ಕೊಂಕಣಿ ವಾರಪತ್ರಿಕೆ ರಾಕ್ಣೊದಲ್ಲಿ ಬಂದದ್ದಾದರೂ ಆಗಬಹುದು, ಚರ್ಚಿನ ಕಚೇರಿಗೆ ಒಂದು ಕರೆ ಆದರೂ ಆಗಬಹುದು. ಒಂದೇ ಹೆಸರಿನ ಇಬ್ಬರಿದ್ದರೆ ವಯಸ್ಸು ಮತ್ತು ಊರು ಕೂಡಿ ಬರಬೇಕು. ಹೆಸರು, ಕೋರ್ಸು, ವರ್ಷ, ನಿಧನರಾದ ದಿನ, ಕೊನೆಯ ಉದ್ಯೋಗ. ಕಾಯಿಲೆಯ ಹೆಸರು ಬೇಡ. ಎಲ್ಲ ಧರ್ಮದವರೂ ಇರ್ತಾರಾದ್ದರಿಂದ ‘ದೈವಾಧೀನ’, ‘ಪ್ರಭುವಿನಲ್ಲಿ ನಿದ್ರಿಸಿದರು’, ‘ಇಹಲೋಕ ತ್ಯಜಿಸಿದರು’ ಅಂತ ಬೆರೆಸಬೇಡಿ, ಎಲ್ಲರಿಗೂ ‘ನಿಧನರಾದರು’. ಬರೆದದ್ದನ್ನು ಮನೆಯವರಿಗೆ ಕಳಿಸಿ ಒಪ್ಪಿಗೆ ತೆಗೆದುಕೊಳ್ಳಿ.

ಅದೇ ದಿನ ಅವರ ನಂಬರನ್ನು ಹುಟ್ಟುಹಬ್ಬದ ಪಟ್ಟಿಯಿಂದ, ದೇಣಿಗೆ ಕೇಳುವ ಪಟ್ಟಿಯಿಂದ ತೆಗೆಯಿರಿ. ತಾನಾಗಿ ಹೋಗುವ ಶುಭಾಶಯ ತೀರಿಹೋದವರ ಫೋನಿಗೆ ಹೋಗಿ, ಅದನ್ನು ಅವರ ಹೆಂಡತಿ ತೆರೆದು ನೋಡುವ ಹಾಗೆ ಆಗಬಾರದು.

ಖಾಸಗಿ ವಿವರದ ಬಗ್ಗೆ: ಫೋನ್ ನಂಬರ್, ಮನೆಯ ವಿಳಾಸ, ಸಂಬಳ, ಮಕ್ಕಳ ಶಾಲೆಯ ಹೆಸರು ಅಚ್ಚಾಗಬಾರದು. ‘ಗಂಡ ಹೆಂಡತಿ ಇಬ್ಬರೂ ಕೆನಡಾದಲ್ಲಿ, ಇಲ್ಲಿ ಮನೆ ಬೀಗ’ ಎಂಬ ಅರ್ಥ ಬರುವ ಸಾಲೂ ಬೇಡ. ಬೇರೆಯವರು ಕಳಿಸಿದ ಸುದ್ದಿಗೆ ಸಂಬಂಧಪಟ್ಟವರದ್ದೇ ಒಪ್ಪಿಗೆ ಬೇಕು. ವಾಟ್ಸಾಪ್‌ನಲ್ಲಿ ‘ಹಾಕಬಹುದು’ ಅಂತ ಬಂದರೆ ಸಾಕು, ಅದರ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ವಿಚ್ಛೇದನ ಆದವರ ಹಳೆ ಮನೆತನದ ಹೆಸರು ಶೀಟಿನಲ್ಲಿ ಹಾಗೆಯೇ ಉಳಿದಿರ್ತದೆ. ‘ಈಗಿನ ಹೆಸರು’ ಪ್ರತಿ ವರ್ಷ ಹೊಸದಾಗಿ ಕೇಳುವುದು ಅದಕ್ಕೇ.

---

ಉದ್ಯಾವರದವ

ಎಲ್ಲರಿಗೂ ಧನ್ಯವಾದ. ಶೀರ್ಷಿಕೆ ‘ಬ್ಯಾಚಿನವರ ಸುದ್ದಿ’ ಅಂತ ಮಾಡಿದ್ದೇನೆ. ಫಾರ್ಮ್ 14 ಪ್ರಶ್ನೆಯಿಂದ ಆರಕ್ಕೆ ಇಳಿಸಿದೆ, ಫೋಟೋ ಹೊರಗೆ ಹೋಯಿತು. ಒಂದು ಸಣ್ಣ ಸಂಶಯ: ಯಾರದ್ದಾದರೂ ಮುಗಿಸಿದ ವರ್ಷ ತಪ್ಪಾಗಿ ಅಚ್ಚಾದರೆ ತಿದ್ದುಪಡಿ ಎಲ್ಲಿ ಹಾಕಬೇಕು?

---

ಕರಡು ತಿದ್ದುವವ

ಮುಂದಿನ ಸಂಚಿಕೆಯ ಅದೇ ಪುಟದಲ್ಲಿ, ಅದೇ ಬ್ಯಾಚಿನ ಕೆಳಗೆ, ಅದೇ ಅಕ್ಷರದ ಗಾತ್ರದಲ್ಲಿ. ತಪ್ಪಾದದ್ದನ್ನು ಮತ್ತೆ ಬರೆಯಬೇಡಿ, ಸರಿಯಾದದ್ದು ಮಾತ್ರ ಬರೆಯಿರಿ. ಪಿಡಿಎಫ್ ಪ್ರತಿಯನ್ನು ಅದೇ ದಿನ ತಿದ್ದಿ ಏರಿಸಿ, ಫೈಲಿನ ಹೆಸರಿನ ಕೊನೆಗೆ ದಿನಾಂಕ ಹಾಕಿ. ಹಳೆ ಫೈಲ್ ಗ್ರೂಪಿನಲ್ಲಿ ತಿರುಗುತ್ತಾ ಇರ್ತದೆ, ಯಾವುದು ಹೊಸದು ಅಂತ ಗೊತ್ತಾಗಬೇಕಲ್ಲ.